ಕಿವಿನೋವು ಮತ್ತು ದವಡೆ ಕೀಲಿನ ತೊಂದರೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಕಿವಿ ನೋಯುತ್ತದೆ ಎಂದು ಆಸ್ಪತ್ರೆಗೆ ಬರುವ ವಯಸ್ಕರೆಲ್ಲರಿಗೂ ಕಿವಿಯಲ್ಲಿಯೇ ರೋಗವಿರುತ್ತದೆ ಎಂದು ತಿಳಿಯುವುದು ಸರಿಯಲ್ಲ. ವೈದ್ಯರು ದೀಪ ಹಿಡಿದು ನೋಡಿದಾಗ ಕಿವಿಯ ನಾಳ ಶುಭ್ರವಾಗಿಯೂ ತಮಟೆ ಸಹಜವಾಗಿಯೂ ಕಂಡುಬಂದು, ನೋವು ಮಾತ್ರ ಮುಂದುವರಿಯುವ ಸಂದರ್ಭಗಳು ಅನೇಕ. ಇಂತಹ ನೋವಿಗೆ ದವಡೆಯ ಕೀಲು, ಹಲ್ಲು, ಗಂಟಲು ಅಥವಾ ಕುತ್ತಿಗೆ ಮೂಲವಾಗಿರಬಹುದು. ಇವುಗಳ ಪೈಕಿ ದವಡೆ ಕೀಲು ಸಾಮಾನ್ಯವಾದ ಕಾರಣವಾಗಿದ್ದರೂ ಜನರ ಗಮನಕ್ಕೆ ಬಾರದೆ ಉಳಿಯುತ್ತದೆ.

ಹೆಗ್ಗಡದೇವನಕೋಟೆ ಹಾಗೂ ಸರಗೂರು ಭಾಗದ ಎನ್. ಬೇಗೂರು ಮತ್ತು ಸುತ್ತಲಿನ ಕಾಡಂಚಿನ ಗ್ರಾಮಗಳು, ಹಾಡಿಗಳು, ಹಾಗೆಯೇ ಹುಣಸೂರು, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳ ನಾಗರಿಕರು ತಜ್ಞ ವೈದ್ಯರನ್ನು ಕಾಣಲು ಮೈಸೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಎರಡನ್ನೂ ಬಿಟ್ಟುಕೊಟ್ಟಂತೆ. ಮೂಲ ತಿಳಿಯದೆ ಕಿವಿಗೆ ಹನಿ ಔಷಧಿ, ಆ್ಯಂಟಿಬಯಾಟಿಕ್ ಮಾತ್ರೆ ಎಂದು ತಿಂಗಳುಗಟ್ಟಲೆ ಅಲೆಯುವುದನ್ನು ತಪ್ಪಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ನೋವನ್ನು ದವಡೆಯದೆಂದು ಸುಮ್ಮನೆ ಬಿಡಬಾರದು ಎಂಬುದನ್ನೂ ಇದರಲ್ಲಿ ವಿವರಿಸಿದ್ದು, ಆ ಭಾಗವನ್ನು ತಪ್ಪದೆ ಓದಬೇಕಾಗಿ ಕೋರಲಾಗಿದೆ.

ದವಡೆ ಕೀಲು ಎಲ್ಲಿದೆ?

ಎರಡೂ ಕೈಗಳ ತೋರುಬೆರಳನ್ನು ಕಿವಿಯ ರಂಧ್ರದ ಮುಂದೆ ಇರುವ ಚಿಕ್ಕ ಮೃದ್ವಸ್ಥಿಯ ಪಕ್ಕದಲ್ಲಿ, ಕೆನ್ನೆಯ ಕಡೆಗೆ ಇರಿಸಿ, ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿರಿ. ಬೆರಳಿನ ಕೆಳಗೆ ಉರುಳಿದಂತೆ ಜಾರುವುದೇ ಕೆಳದವಡೆಯ ತಲೆಭಾಗ. ಅದು ತಲೆಬುರುಡೆಯ ಕಪೋಲಾಸ್ಥಿಯ ಕುಳಿಯಲ್ಲಿ ಕುಳಿತಿರುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯಂತಹ ಒಂದು ಬಿಲ್ಲೆಯಿದೆ. ಇದನ್ನು ವೈದ್ಯಕೀಯದಲ್ಲಿ ಟೆಂಪೊರೊಮ್ಯಾಂಡಿಬ್ಯುಲರ್ ಕೀಲು, ಸಂಕ್ಷೇಪವಾಗಿ ಟಿ.ಎಂ.ಜೆ. ಎನ್ನುತ್ತಾರೆ. ಬಾಗಿಲಿನ ಕೀಲಿನಂತೆ ತಿರುಗುವುದರ ಜೊತೆಗೆ ಮುಂದಕ್ಕೆ ಜಾರುವ ಕೆಲಸವನ್ನೂ ಮಾಡುವ ಕೀಲು ಇದಾಗಿದೆ. ಎಡ ಮತ್ತು ಬಲ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾದುದರಿಂದ ಒಂದನ್ನು ಬಿಟ್ಟು ಇನ್ನೊಂದು ಚಲಿಸಲಾರದು. ಮಾತು, ಊಟ, ಆಕಳಿಕೆ, ನುಂಗುವಿಕೆ ಎಂದು ದಿನವಿಡೀ ಅದಕ್ಕೆ ಕೆಲಸವಿದ್ದು, ಉಳಿದ ಕೀಲುಗಳಿಗೆ ಸಿಗುವಷ್ಟು ವಿಶ್ರಾಂತಿ ಇದಕ್ಕೆ ಸಿಗುವುದಿಲ್ಲ.

ಕಿವಿಯ ನಾಳಕ್ಕೂ ಈ ಕೀಲಿಗೂ ನಡುವೆ ಇರುವುದು ತೆಳುವಾದ ಮೂಳೆಯ ಗೋಡೆ ಮಾತ್ರ.

ನೋವು ಕಿವಿಯಲ್ಲಿ ಏಕೆ ಕಾಣಿಸಿಕೊಳ್ಳುತ್ತದೆ?

ಸಾಮೀಪ್ಯವೊಂದೇ ಕಾರಣವಲ್ಲ. ದವಡೆ ಕೀಲಿಗೆ ಸ್ಪರ್ಶಜ್ಞಾನ ಒದಗಿಸುವ ಆರಿಕ್ಯುಲೊಟೆಂಪೊರಲ್ ಎಂಬ ನರವೇ ಕಿವಿಯ ಹಾಲೆಯ ಮುಂಭಾಗಕ್ಕೂ ಕಿವಿ ನಾಳದ ಮುಂಗೋಡೆಗೂ ತಮಟೆಯ ಹೊರಮೈಯ ಒಂದು ಭಾಗಕ್ಕೂ ಕವಲೊಡೆದು ಹೋಗುತ್ತದೆ. ಈ ನರವು ಐದನೆಯ ಕಪಾಲ ನರದ ಕೆಳದವಡೆ ಶಾಖೆಗೆ ಸೇರಿದೆ. ಕೆಳಗಿನ ದವಡೆ ಹಲ್ಲುಗಳ ನೋವನ್ನು ಮಿದುಳಿಗೆ ಒಯ್ಯುವುದೂ ಇದೇ ಶಾಖೆ. ಒಂದೇ ದಾರಿಯಲ್ಲಿ ಬಂದ ಸಂದೇಶಗಳಲ್ಲಿ ಯಾವುದು ಕೀಲಿನದು, ಯಾವುದು ಕಿವಿಯದು ಎಂದು ಮಿದುಳು ನಿಖರವಾಗಿ ಬೇರ್ಪಡಿಸಲಾರದೆ, ನೋವು ಕಿವಿಯದೆಂದು ಗ್ರಹಿಸುತ್ತದೆ. ಒಂದು ಊರಿನ ಕಾಗದ ಪಕ್ಕದ ಊರಿನ ಅಂಚೆಪೆಟ್ಟಿಗೆಗೆ ಬಿದ್ದಂತೆ ಎನ್ನಬಹುದು. ಇದಕ್ಕೆ ಪರಾವರ್ತಿತ ನೋವು ಎಂದು ಹೆಸರು.

ಕಿವಿಗೆ ನರಗಳ ಪೂರೈಕೆ ಇಷ್ಟಕ್ಕೇ ಮುಗಿಯುವುದಿಲ್ಲ. ಐದನೆಯದರ ಜೊತೆಗೆ ಏಳನೆಯ, ಒಂಬತ್ತನೆಯ ಮತ್ತು ಹತ್ತನೆಯ ಕಪಾಲ ನರಗಳೂ ಕುತ್ತಿಗೆಯ ಎರಡನೆಯ, ಮೂರನೆಯ ನರಗಳೂ ಕಿವಿಗೆ ಕವಲು ಕಳುಹಿಸುತ್ತವೆ. ಆದ್ದರಿಂದಲೇ ಟಾನ್ಸಿಲ್, ನಾಲಗೆಯ ಬುಡ, ಧ್ವನಿಪೆಟ್ಟಿಗೆ ಮತ್ತು ಕುತ್ತಿಗೆಯ ಮೂಳೆ ಇವುಗಳಲ್ಲಿ ಯಾವುದರ ತೊಂದರೆಯಾದರೂ ಕಿವಿನೋವಾಗಿ ತೋರಬಹುದು.

ಕಿವಿಯ ಸಮಸ್ಯೆಗೂ ದವಡೆಗೂ ಸಂಬಂಧವಿದೆ ಎಂಬ ವಿಚಾರವನ್ನು ಪ್ರಚುರಪಡಿಸಿದವರು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞ ಜೇಮ್ಸ್ ಕಾಸ್ಟನ್. 1934ರಲ್ಲಿ ಅವರು ಪ್ರಕಟಿಸಿದ ಲೇಖನದ ನಂತರ ಬಹುಕಾಲ ಇದನ್ನು ಕಾಸ್ಟನ್ ರೋಗಲಕ್ಷಣಕೂಟ ಎಂದೇ ಕರೆಯಲಾಗುತ್ತಿತ್ತು. ಹಲ್ಲುಗಳು ಉದುರಿ ದವಡೆ ಮೇಲಕ್ಕೆ ಸರಿದು ನರವನ್ನು ಒತ್ತುವುದರಿಂದ ನೋವು ಬರುತ್ತದೆ ಎಂಬ ಅವರ ವಿವರಣೆಯನ್ನು ಅಂಗರಚನಾ ತಜ್ಞರು ಮುಂದೆ ಒಪ್ಪಲಿಲ್ಲ. ಹೀಗೆ ವಿವರಣೆ ಬಿದ್ದುಹೋಯಿತಾದರೂ ಅವರು ಗಮನಿಸಿದ ಸಂಬಂಧ ನಿಂತಿತು.

ದವಡೆಯ ನೋವನ್ನು ಗುರುತಿಸುವುದು ಹೇಗೆ?

ಅಗಿಯುವಾಗ, ಆಕಳಿಸುವಾಗ ಅಥವಾ ಹೆಚ್ಚು ಮಾತನಾಡಿದ ನಂತರ ನೋವು ಏರುವುದು ಮುಖ್ಯ ಸುಳಿವು. ನೋವು ಮಂದವಾಗಿದ್ದು ಕಿವಿಯ ಮುಂದೆ, ಕೆನ್ನೆ, ಕಪೋಲ, ಕೆಲವೊಮ್ಮೆ ಕುತ್ತಿಗೆಯವರೆಗೂ ಹಬ್ಬುತ್ತದೆ. ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿದಂತಿದ್ದರೆ ರಾತ್ರಿ ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿರಬಹುದು. ಇದನ್ನು ರೋಗಿಗಿಂತ ಮನೆಯವರೇ ಚೆನ್ನಾಗಿ ಬಲ್ಲರಾದುದರಿಂದ ಅವರನ್ನು ಕೇಳುವುದು ಒಳ್ಳೆಯದು. ಬಾಯಿ ತೆರೆಯುವಾಗ ಕಟಕ್ ಎಂಬ ಶಬ್ದ, ದವಡೆ ಒಂದು ಪಕ್ಕಕ್ಕೆ ವಾಲುವುದು, ಮಧ್ಯದಲ್ಲಿ ಸಿಕ್ಕಿಕೊಂಡು ಬಿಡುವುದು ಇವೂ ಲಕ್ಷಣಗಳೇ. ನೋವಿಲ್ಲದೆ ಶಬ್ದ ಮಾತ್ರ ಬರುತ್ತಿದ್ದಲ್ಲಿ ಅದು ಅನೇಕ ಆರೋಗ್ಯವಂತರಲ್ಲಿಯೂ ಕಂಡುಬರುವ ಸಂಗತಿಯಾಗಿದ್ದು, ಚಿಕಿತ್ಸೆಯ ಅಗತ್ಯವಿಲ್ಲ.

ಕಿವಿ ಕಟ್ಟಿದಂತೆ ಅಥವಾ ತುಂಬಿಕೊಂಡಂತೆ ಆಗುವುದು, ಗುಂಯ್ ಎನ್ನುವುದು ಸಹ ಇದರೊಂದಿಗೆ ಇರಬಹುದು. ತಮಟೆಯನ್ನು ಬಿಗಿಗೊಳಿಸುವ ಪುಟ್ಟ ಸ್ನಾಯುವಿಗೂ ಅಗಿಯುವ ಸ್ನಾಯುಗಳಿಗೂ ನರವು ಒಂದೇ ಶಾಖೆಯಿಂದ ಬರುವುದು ಇದಕ್ಕೆ ನೀಡಲಾಗುವ ವಿವರಣೆಗಳಲ್ಲಿ ಒಂದು. ಹೀಗಿರುವಾಗ ಗುಗ್ಗೆ ತುಂಬಿದೆ ಎಂದು ಭಾವಿಸಿ ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಕೆದಕಿ, ಇಲ್ಲದ ಗಾಯವನ್ನು ಮಾಡಿಕೊಂಡು ಬರುವವರು ಇದ್ದಾರೆ.

ಮನೆಯಲ್ಲಿಯೇ ಎರಡು ಸರಳ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು. ಕಿವಿಯ ಹಾಲೆಯನ್ನು ಮೆಲ್ಲಗೆ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆದಾಗ ತೀವ್ರವಾಗಿ ನೊಂದರೆ ಕಿವಿ ನಾಳದಲ್ಲಿಯೇ ಸೋಂಕು ಇರುವ ಸಾಧ್ಯತೆ ಹೆಚ್ಚು. ಹಾಲೆ ಎಳೆದರೆ ನೋಯದೆ, ಕಿವಿಯ ಮುಂದಿನ ಕೀಲನ್ನೋ ಕೆನ್ನೆಯ ಸ್ನಾಯುವನ್ನೋ ಒತ್ತಿದಾಗ ಅದೇ ಪರಿಚಿತ ನೋವು ಮರುಕಳಿಸಿದರೆ ದವಡೆಯನ್ನು ಶಂಕಿಸಬೇಕು. ಎರಡನೆಯದು ಬಾಯಿ ತೆರೆಯುವ ಅಳತೆ: ತಮ್ಮದೇ ಕೈಯ ಮಧ್ಯದ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಲಂಬವಾಗಿ ಇಡಲು ಬಹುತೇಕ ವಯಸ್ಕರಿಗೆ ಸಾಧ್ಯವಾಗಬೇಕು. ಎರಡು ಬೆರಳು ಮಾತ್ರ ಹಿಡಿಸಿದರೆ ವೈದ್ಯರಿಗೆ ತಿಳಿಸತಕ್ಕದ್ದು.

ಕಿವಿ ಸೋರುವುದು, ಜ್ವರ, ಕಿವಿ ಮಂದವಾಗುವುದು, ತಲೆಸುತ್ತು ಇದ್ದಲ್ಲಿ ಅದನ್ನು ಕಿವಿಯ ರೋಗವೆಂದೇ ಪರಿಗಣಿಸಿ ತೋರಿಸಬೇಕು. ಚಿಕ್ಕ ಮಕ್ಕಳ ಕಿವಿನೋವು ಬಹುಪಾಲು ನೆಗಡಿಯ ನಂತರ ಬರುವ ನಡುಗಿವಿಯ ಸೋಂಕಿನಿಂದ ಆಗಿರುತ್ತದೆ. ಮಕ್ಕಳ ವಿಷಯದಲ್ಲಿ ದವಡೆಯನ್ನು ಕಾರಣವಾಗಿ ಊಹಿಸಿ ಕಾಯುವುದು ಬೇಡ. ಕಿವಿಯ ಕೆಳಗೆ ಮತ್ತು ಮುಂದೆ ಊದಿಕೊಂಡು ಜ್ವರ ಬಂದಿದ್ದರೆ ಮಂಗನಬಾವು ಇರಬಹುದು.

ಯಾರಲ್ಲಿ, ಏಕೆ?

ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚು. ಹಲ್ಲು ಕಡಿಯುವಿಕೆ, ಮಾನಸಿಕ ಒತ್ತಡ, ನಿದ್ರೆಯ ಕೊರತೆ, ಗಲ್ಲಕ್ಕೆ ಬಿದ್ದ ಪೆಟ್ಟು, ಸಂಧಿವಾತ ಇವು ಸಾಮಾನ್ಯ ಹಿನ್ನೆಲೆಗಳು. ಒಂದು ಪಕ್ಕದ ದವಡೆ ಹಲ್ಲುಗಳನ್ನು ಕಳೆದುಕೊಂಡು ವರ್ಷಗಟ್ಟಲೆ ಇನ್ನೊಂದು ಪಕ್ಕದಲ್ಲಿಯೇ ಅಗಿಯುವವರಲ್ಲಿಯೂ ಸ್ನಾಯುಗಳು ದಣಿಯುತ್ತವೆ. ಬಹುಮಂದಿಯಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಎಲೆ ಅಡಿಕೆ, ಹೊಗೆಸೊಪ್ಪು ಮತ್ತು ಬಾಯಿ ಬಿಗಿಯುವಿಕೆ

ಈ ಭಾಗದ ನಾಗರಿಕರು ವಿಶೇಷವಾಗಿ ಗಮನಿಸಬೇಕಾದುದು ಇದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹೊಗೆಸೊಪ್ಪು ಬೆಳೆಯುವ ಸೀಮೆ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವ ರೂಢಿ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಇದೆ. ಸತತವಾಗಿ ಜಗಿಯುವುದರಿಂದ ದವಡೆಯ ಸ್ನಾಯುಗಳು ದಣಿದು ನೋಯುವುದು ಒಂದು ಭಾಗವಾದರೆ, ಅಡಿಕೆಯಿಂದ ಕೆನ್ನೆಯ ಒಳಪೊರೆ ಬಿಳಿಚಿ ನಾರುಗಟ್ಟಿ ಬಾಯಿ ಕ್ರಮೇಣ ಬಿಗಿಯುವುದು ಬೇರೆಯೇ ರೋಗ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಖಾರ ತಿಂದರೆ ಬಾಯಿ ಉರಿಯುವುದು, ತುತ್ತು ಬಾಯಿಗೆ ಹಿಡಿಸದಿರುವುದು, ಶಿಳ್ಳೆ ಹಾಕಲು ಆಗದಿರುವುದು ಮತ್ತು ಕಿವಿನೋವು ಇದರ ಲಕ್ಷಣಗಳಲ್ಲಿ ಸೇರಿವೆ.

ಇಂತಹವರು ದವಡೆ ಕೀಲು ಹಿಡಿದಿದೆ ಎಂದು ಬಿಸಿನೀರಿನ ಶಾಖ ಕೊಟ್ಟುಕೊಂಡು ಕುಳಿತರೆ ಅಮೂಲ್ಯ ಕಾಲ ಕಳೆದುಹೋಗುತ್ತದೆ, ಏಕೆಂದರೆ ಈ ಸ್ಥಿತಿ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಉಳ್ಳದ್ದು. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ವರ್ಗೀಕರಿಸಿದೆ. ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಯಿತು. ಬೇರೆ ಬೇರೆ ಚೀಟಿಗಳಲ್ಲಿ ಅಡಿಕೆ ಮತ್ತು ಹೊಗೆಸೊಪ್ಪನ್ನು ಕೊಂಡು ಬೆರೆಸಿ ಜಗಿದರೂ ಪರಿಣಾಮ ಒಂದೇ.

ತಕ್ಷಣ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಈ ಕೆಳಕಂಡವುಗಳಲ್ಲಿ ಯಾವುದೊಂದಿದ್ದರೂ ಮನೆಯ ಆರೈಕೆಯಲ್ಲಿ ಕಾಲ ಕಳೆಯಬಾರದು.

- ಒಂದೇ ಕಿವಿಯ ನೋವು ಮೂರು ವಾರ ಮೀರಿದ್ದು, ಜೊತೆಗೆ ಗಂಟಲು ಕಟ್ಟುವುದು, ನುಂಗಲು ಕಷ್ಟ, ಬಾಯಲ್ಲಿ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಅಥವಾ ತೂಕ ಇಳಿಯುವುದು. ಹೊಗೆಸೊಪ್ಪು, ಬೀಡಿ ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಕಿವಿನೋವೇ ಗಂಟಲಿನ ಕ್ಯಾನ್ಸರ್‌ನ ಮೊದಲ ದೂರಾಗಿರಬಹುದು.
- ಸಕ್ಕರೆ ಕಾಯಿಲೆ ಇರುವವರಿಗೆ ರಾತ್ರಿ ನಿದ್ರೆ ಕೆಡಿಸುವಂತಹ ತೀವ್ರ ಕಿವಿನೋವು. ಕಿವಿ ನಾಳದ ಸೋಂಕು ಮೂಳೆಗೆ ಇಳಿದಿರಬಹುದು.
- ಬಾಯಿ ದಿನದಿಂದ ದಿನಕ್ಕೆ ಬಿಗಿಯುತ್ತಿದ್ದು, ಇತ್ತೀಚೆಗೆ ಮೊಳೆ, ಮುಳ್ಳು, ಕುಡುಗೋಲು ತಗುಲಿ ಗಾಯವಾಗಿದ್ದರೆ. ಧನುರ್ವಾಯು ಸಾಮಾನ್ಯವಾಗಿ ದವಡೆ ಬಿಗಿಯುವುದರಿಂದಲೇ ಆರಂಭವಾಗುತ್ತದೆ. ಗಾಯ ಒಣಗಿಹೋಗಿದ್ದರೂ ಅದನ್ನು ವೈದ್ಯರಿಗೆ ತಿಳಿಸಬೇಕು.
- ನಡೆದಾಗ ಅಥವಾ ಭಾರ ಹೊತ್ತಾಗ ದವಡೆಯಲ್ಲಿ ನೋವು ಬಂದು, ವಿಶ್ರಮಿಸಿದಾಗ ಇಳಿಯುವುದು. ಅಥವಾ ದವಡೆನೋವಿನೊಂದಿಗೆ ಎದೆ ಹಿಡಿಯುವುದು, ಬೆವರುವುದು. ಇದು ಹೃದಯದ ತೊಂದರೆಯ ಸೂಚನೆಯಾಗಿರಬಹುದು. ಕೂಡಲೇ 108ಕ್ಕೆ ಕರೆಮಾಡಿ.
- ಐವತ್ತು ಮೀರಿದವರಲ್ಲಿ ಹೊಸದಾಗಿ ಕಪೋಲದ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು. ಇದು ಅಪರೂಪವಾದರೂ ತಡಮಾಡಿದರೆ ದೃಷ್ಟಿ ಹೋಗಬಹುದು.
- ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗುವುದು.

ದೊಡ್ಡದಾಗಿ ಆಕಳಿಸಿದಾಗ ದವಡೆ ತಪ್ಪಿ ಬಾಯಿ ಮುಚ್ಚಲಾಗದೆ ಉಳಿದರೆ ಗಾಬರಿಪಡಬೇಕಾಗಿಲ್ಲ. ದವಡೆಗೆ ಕೆಳಗಿನಿಂದ ಬಟ್ಟೆಯ ಆಸರೆ ಕೊಟ್ಟು ಸಮೀಪದ ಆಸ್ಪತ್ರೆಗೆ ಹೋಗಬೇಕು. ಕೆನ್ನೆಗೆ ಹೊಡೆದು ಕೂರಿಸುವ ಪ್ರಯತ್ನವನ್ನು ಯಾರೂ ಮಾಡಬಾರದು.

ಮನೆಯಲ್ಲಿ ಕೈಗೊಳ್ಳಬಹುದಾದ ಆರೈಕೆ

ದವಡೆ ಕೀಲಿನ ನೋವು ಬಹುಪಾಲು ಜನರಲ್ಲಿ ಸರಳ ಕ್ರಮಗಳಿಂದಲೇ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಎರಡು ವಾರ ಮೆತ್ತಗಿನ ಆಹಾರ ಸೇವಿಸಬೇಕು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ಈ ಸೀಮೆಯ ವಾಡಿಕೆಯಾಗಿದ್ದು, ದವಡೆಗೆ ಅದಕ್ಕಿಂತ ಹಿತವಾದ ಊಟ ದೊರೆಯುವುದು ಕಷ್ಟ. ತುತ್ತು ಮಾತ್ರ ಚಿಕ್ಕದಿರಲಿ. ಅಂಬಲಿ, ಗಂಜಿ, ಮೊಸರನ್ನ, ಬೇಯಿಸಿದ ಬೇಳೆ ಸೂಕ್ತ. ಕಬ್ಬು, ಚಕ್ಕುಲಿ, ಹುರಿಗಾಳು, ಸುಟ್ಟ ಮುಸುಕಿನ ಜೋಳದ ತೆನೆ, ಅಡಿಕೆ ಇವುಗಳನ್ನು ಬಿಡಬೇಕು.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಯ ಮೇಲೆ ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಮೂರು ಬಾರಿ ಇಡಬಹುದು. ಚರ್ಮ ಸುಡದಂತೆ ನೋಡಿಕೊಳ್ಳಬೇಕು. ಊಟದ ಹೊತ್ತನ್ನು ಬಿಟ್ಟು ಉಳಿದ ಸಮಯದಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಗುಲಬಾರದು. ತುಟಿ ಮುಚ್ಚಿದ್ದು ಹಲ್ಲುಗಳ ನಡುವೆ ಸ್ವಲ್ಪ ಅಂತರವಿರುವುದೇ ದವಡೆಯ ಸಹಜ ವಿಶ್ರಾಂತ ಸ್ಥಿತಿ. ಅನೇಕರು ಕೆಲಸದ ಭರದಲ್ಲಿ ಅರಿವಿಲ್ಲದೆ ಹಲ್ಲು ಬಿಗಿಹಿಡಿದಿರುತ್ತಾರೆ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಇಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಬೇಕು. ಹಲ್ಲಿನಿಂದ ದಾರ ಕತ್ತರಿಸುವುದು, ಬಾಟಲಿಯ ಮುಚ್ಚಳ ತೆಗೆಯುವುದು, ಭುಜ ಮತ್ತು ಕಿವಿಯ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಮಾತನಾಡುವುದು ಬೇಡ. ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಕೆಲವು ದಿನ ಮಾತ್ರ ತೆಗೆದುಕೊಳ್ಳಬೇಕು.

ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಎಲೆಯ ರಸ ಅಥವಾ ಎದೆಹಾಲನ್ನು ಕಿವಿಗೆ ಬಿಡುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು. ನೋವಿನ ಮೂಲ ದವಡೆಯಲ್ಲಿದ್ದರೆ ಇವುಗಳಿಂದ ಪ್ರಯೋಜನವಿಲ್ಲ. ತಮಟೆಯಲ್ಲಿ ಮೊದಲೇ ತೂತಿದ್ದರೆ ನಡುಗಿವಿಗೆ ಸೋಂಕು ತಗುಲುತ್ತದೆ, ಎಣ್ಣೆ ಬಿಸಿಯಾಗಿದ್ದರೆ ನಾಳ ಸುಡುತ್ತದೆ.

ವೈದ್ಯಕೀಯ ಚಿಕಿತ್ಸೆ

ವೈದ್ಯರು ಮೊದಲು ಕಿವಿ, ಗಂಟಲು, ಬಾಯಿ ಮತ್ತು ಹಲ್ಲುಗಳನ್ನು ನೋಡುವರು. ಹುಳುಕು ಹಲ್ಲು ಅಥವಾ ಅರ್ಧ ಮೂಡಿದ ಬುದ್ಧಿಹಲ್ಲು ಕಾರಣವಾಗಿದ್ದಲ್ಲಿ ಅದರ ಚಿಕಿತ್ಸೆಯಿಂದಲೇ ಕಿವಿನೋವು ನಿಲ್ಲುತ್ತದೆ. ಅಗತ್ಯವಿದ್ದರೆ ದವಡೆಯ ಪೂರ್ಣ ಎಕ್ಸ್‌ರೇ ತೆಗೆಸಲಾಗುತ್ತದೆ. ಕೀಲಿನೊಳಗಿನ ಬಿಲ್ಲೆಯ ಸ್ಥಾನ ನೋಡಲು ಎಂ.ಆರ್.ಐ. ಬೇಕಾದರೂ ಎಲ್ಲರಿಗೂ ಅದರ ಅವಶ್ಯಕತೆ ಬೀಳುವುದಿಲ್ಲ. ದವಡೆಯ ವ್ಯಾಯಾಮ, ಫಿಸಿಯೊಥೆರಪಿ, ಹಲ್ಲು ಕಡಿಯುವವರಿಗೆ ರಾತ್ರಿ ಧರಿಸುವ ಅಕ್ರಿಲಿಕ್ ಸ್ಪ್ಲಿಂಟ್ ಇವು ಮುಂದಿನ ಹಂತ. ಶಸ್ತ್ರಚಿಕಿತ್ಸೆ ಬೇಕಾಗುವವರು ಕೆಲವರು ಮಾತ್ರ. ನೋವಿನ ಆರಂಭದಲ್ಲಿಯೇ ಹಲ್ಲುಗಳನ್ನು ಉಜ್ಜಿ ತಗ್ಗಿಸುವ, ಒಮ್ಮೆ ಮಾಡಿದರೆ ಹಿಂದಿರುಗಿಸಲಾಗದ ಚಿಕಿತ್ಸೆಗೆ ಒಪ್ಪುವ ಮುನ್ನ ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು.

ಎಲ್ಲಿ ತೋರಿಸಬೇಕು?

ಮೊದಲು ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು. ಕಿವಿಯೊಳಗೆ ನೋಡಿ, ಕೀಲನ್ನು ಒತ್ತಿ ಪರೀಕ್ಷಿಸಿದರೆ ಬಹುತೇಕ ಪ್ರಕರಣಗಳು ಅಲ್ಲಿಯೇ ತಿಳಿಯುತ್ತವೆ. ಹಲ್ಲು ಮತ್ತು ದವಡೆಯ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ಕಳುಹಿಸಿಕೊಡಲಾಗುತ್ತದೆ. ಹೊರಡುವ ಮೊದಲು ತಜ್ಞರು ಲಭ್ಯವಿರುವ ದಿನವನ್ನು ಆಶಾ ಕಾರ್ಯಕರ್ತೆಯರ ಮೂಲಕವೋ ದೂರವಾಣಿಯ ಮೂಲಕವೋ ವಿಚಾರಿಸಿಕೊಂಡರೆ ವೃಥಾ ಪ್ರಯಾಣ ತಪ್ಪುತ್ತದೆ.

ಹೆಚ್ಚಿನ ಚಿಕಿತ್ಸೆಗೆ ಮೈಸೂರು ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ ಇದೆ. ಶ್ರವಣ ಪರೀಕ್ಷೆ ಬೇಕಾದವರು ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಮೈಸೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳಿದ್ದು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಾ ವಿಭಾಗಗಳು ಅಲ್ಲಿವೆ.

ಸೌಲಭ್ಯಗಳ ಬಗ್ಗೆ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಇದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ದವಡೆ ನೋವಿನ ಹೊರರೋಗಿ ತಪಾಸಣೆ, ಮಾತ್ರೆ, ಸ್ಪ್ಲಿಂಟ್ ಮುಂತಾದವುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕ್ಯಾನ್ಸರ್ ಅಥವಾ ಶಸ್ತ್ರಚಿಕಿತ್ಸೆಯ ಅಗತ್ಯ ಕಂಡುಬಂದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಉಪಯೋಗಕ್ಕೆ ಬರುವುದರಿಂದ ಅದನ್ನು ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗುವುದು ಆರ್ಥಿಕವಾಗಿ ನಷ್ಟಕರವಾಗಬಹುದು.

ಕಿವಿ ಕಟ್ಟಿದಂತಾಗುತ್ತದೆ ಎಂಬ ಕಾರಣಕ್ಕೆ ಶ್ರವಣದೋಷದ ಪ್ರಮಾಣಪತ್ರ ಕೋರಿ ಅರ್ಜಿ ಸಲ್ಲಿಸುವವರು ಗಮನಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಂತೆ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಡೆಸಿಬಲ್ ನಷ್ಟವಿದ್ದರೆ ಕಿವುಡು ಎಂದು ಪರಿಗಣಿಸಲಾಗುತ್ತದೆ. ದವಡೆ ಕೀಲಿನ ತೊಂದರೆಯಿಂದ ಉಂಟಾಗುವ ಕಿವಿ ತುಂಬಿದ ಅನುಭವದಲ್ಲಿ ಶ್ರವಣ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ.

ಆಸ್ಪತ್ರೆಗೆ ಬರುವಾಗ ಆಧಾರ್ ಚೀಟಿ, ಪಡಿತರ ಚೀಟಿ, ಹಿಂದಿನ ಔಷಧ ಚೀಟಿಗಳು ಮತ್ತು ಇದ್ದಲ್ಲಿ ಎಕ್ಸ್‌ರೇಗಳನ್ನು ತರುವುದು. ನೋವು ಎಂದು ಆರಂಭವಾಯಿತು, ಯಾವುದರಿಂದ ಹೆಚ್ಚಾಗುತ್ತದೆ, ಕಿವಿಗೆ ಏನೇನು ಹಾಕಲಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ತಪಾಸಣೆಗೆ ಅನುಕೂಲ. ಬರೆಯಲು ಬಾರದವರು ವಿಷಯ ತಿಳಿದ ಮನೆಯವರೊಬ್ಬರನ್ನು ಜೊತೆಯಲ್ಲಿ ಕರೆತರಬಹುದು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದಲ್ಲಿ ಅದನ್ನು ಸಂಕೋಚವಿಲ್ಲದೆ ತಿಳಿಸತಕ್ಕದ್ದು.